ಹೊಳೆಯ ವಳ್ಳಂಕಳಿಯೂ ರೋಯಿಂಗೂ: ಬೇರೆ ಬೇರೆ ದಾರಿ

ಪ್ರಶ್ನೆ: ನಮ್ಮ ಮನೆ ಚಂದ್ರಗಿರಿ ಹೊಳೆಯ ಬದಿ. ಮಗಳಿಗೆ ಹದಿಮೂರು ವರ್ಷ, ಐದೂವರೆ ಅಡಿ ಎತ್ತರ. ಈಜು ಬರುತ್ತದೆ, ಸೋದರಮಾವನ ಜೊತೆ ದೋಣಿಗೆ ಹುಟ್ಟು ಹಾಕುತ್ತಾಳೆ. ಆಲಪ್ಪುಳದಲ್ಲಿ ರೋಯಿಂಗ್ ತರಬೇತಿಗೆ ಆಯ್ಕೆ ನಡೆಯುತ್ತದೆ, ಕಳುಹಿಸಿ ಎಂದು ಶಾಲೆಯ ಪಿ.ಟಿ. ಮಾಸ್ಟ್ರು ಹೇಳುತ್ತಿದ್ದಾರೆ. ತೇಜಸ್ವಿನಿ ಹೊಳೆಯಲ್ಲಿ ಓಣಂ ಹೊತ್ತಿಗೆ ನಡೆಯುವ ದೋಣಿ ಓಟ ವಳ್ಳಂಕಳಿಯೂ ಇದೂ ಒಂದೇ ಆಟವೇ? ರಾಷ್ಟ್ರೀಯ ಕ್ರೀಡೆ ಎನ್ನುತ್ತಾರಲ್ಲ, ಹಾಗಾದದ್ದು ಯಾವಾಗ? ಪದಕ ತಂದವರೆಲ್ಲ ಪಟ್ಟಾಳದವರೇ ಯಾಕೆ? ಇಲ್ಲೇ ಹೊಳೆಯಲ್ಲಿ ಅಭ್ಯಾಸ ಮಾಡಿಸಬಹುದೇ?

ಉತ್ತರ: ರಾಷ್ಟ್ರೀಯ ಕ್ರೀಡೆ ಎಂಬ ಪಟ್ಟವನ್ನು ನಮ್ಮ ದೇಶ ಯಾವ ಆಟಕ್ಕೂ ಕಟ್ಟಿಲ್ಲ. ಹಾಕಿಗೆ ಆ ಪಟ್ಟ ಇದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಬಹಳ ಮಂದಿ. ಆದರೆ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಕೊಡುವಾಗ ಕೇಂದ್ರ ಕ್ರೀಡಾ ಸಚಿವಾಲಯವೇ ಅಂಥ ಘೋಷಣೆ ಯಾವುದೂ ಆಗಿಲ್ಲ ಎಂದು ಹೇಳಿತು. ರೋಯಿಂಗ್ ರಾಷ್ಟ್ರಮಟ್ಟದ ಕ್ರೀಡೆ ಹೌದು: ಒಕ್ಕೂಟ ಇದೆ, ರಾಷ್ಟ್ರೀಯ ಚಾಂಪಿಯನ್‌ಷಿಪ್ ಇದೆ, ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಜಾಗ ಇದೆ. 2015ರಲ್ಲಿ ಕೇರಳ ಆ ಕೂಟವನ್ನು ನಡೆಸಿದಾಗ ರೋಯಿಂಗ್ ಸ್ಪರ್ಧೆಗಳು ಆಲಪ್ಪುಳದ ವೇಂಬನಾಡು ಕಾಯಲಿನಲ್ಲೇ (ಹಿನ್ನೀರಿನಲ್ಲೇ) ನಡೆದವು.

ವಳ್ಳಂಕಳಿಯ ಪ್ರಶ್ನೆ ಇದಕ್ಕಿಂತ ಮುಖ್ಯ, ಯಾಕೆಂದರೆ ಮಗಳ ಕೈಗೆ ಈಗಾಗಲೇ ಒಂದು ಅಭ್ಯಾಸ ಕೂತಿದೆ. ತೇಜಸ್ವಿನಿಯ ಓಟದ ದೋಣಿಯಲ್ಲಿ ತಂಡದವರು ಮುಂದಕ್ಕೆ ಮುಖ ಮಾಡಿ ಕೂರುತ್ತಾರೆ. ಹುಟ್ಟು ಇಡಿಯಾಗಿ ಕೈಯಲ್ಲೇ ಇರುತ್ತದೆ, ದೋಣಿಯ ಯಾವ ಭಾಗಕ್ಕೂ ಕಟ್ಟಿರುವುದಿಲ್ಲ. ರೋಯಿಂಗಿನಲ್ಲಿ ಎರಡೂ ತಿರುಗುಮುರುಗು. ಕೂತವರು ಹೋಗುವ ದಿಕ್ಕಿಗೆ ಬೆನ್ನು ಹಾಕಿರುತ್ತಾರೆ; ಹುಟ್ಟು ದೋಣಿಯಿಂದ ಹೊರಚಾಚಿದ ಲೋಹದ ಚೌಕಟ್ಟಿನ ತುದಿಯ ಕೊಕ್ಕೆಯಲ್ಲಿ ಕೂತು ಸನ್ನೆಗೋಲಿನ ಹಾಗೆ ತಿರುಗುತ್ತದೆ; ಕೂರುವ ಮಣೆಯ ಅಡಿಯಲ್ಲಿ ಚಕ್ರಗಳಿದ್ದು ಅದು ಹಿಂದೆಮುಂದೆ ಜಾರುತ್ತದೆ. ವಳ್ಳಂಕಳಿಗೆ ಹತ್ತಿರದ ನೆಂಟ ಬೇಕೆಂದರೆ ಅದು ಕನೋಯಿಂಗ್ ಮತ್ತು ಡ್ರ್ಯಾಗನ್ ಬೋಟ್, ಅವುಗಳಿಗೆ ಬೇರೆಯೇ ಒಕ್ಕೂಟ. ಹುಟ್ಟಿನ ಲಯವೂ ಬೇರೆ. ವಳ್ಳಂಕಳಿಯ ಹುಟ್ಟು ಚಿಕ್ಕದು, ನೀರಿಗೆ ಬೀಳುವುದು ಬಹಳ ಬೇಗಬೇಗ. ರೋಯಿಂಗಿನಲ್ಲಿ ಸ್ಪರ್ಧೆಯ ವೇಗದಲ್ಲೂ ನಿಮಿಷಕ್ಕೆ 32ರಿಂದ 38 ಹುಟ್ಟು ಅಷ್ಟೇ. 2000 ಮೀಟರ್ ಮುಗಿಸಲು ಸುಮಾರು 220ರಿಂದ 250 ಹುಟ್ಟು ಸಾಕು. ಒಂದೊಂದೂ ಉದ್ದ, ಒಂದೊಂದಕ್ಕೂ ಇಡೀ ಮೈ ಬೇಕು.

ಹೊಳೆ, ಕಾಯಲು, ಕಡವು ಎಲ್ಲ ಇರುವ ನಮ್ಮ ಕರಾವಳಿಯಲ್ಲಿ ಈ ಆಟ ತಾನಾಗಿ ಬೆಳೆಯಬೇಕಿತ್ತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಬೆಳೆಯಲಿಲ್ಲ. ನೀರು ಇದ್ದಲ್ಲೆಲ್ಲ ರೋಯಿಂಗ್ ಬರುವುದಿಲ್ಲ. ನಿಂತ ನೀರು, ದೋಣಿಮನೆ, ಜೊತೆಗೆ ತಿಂಗಳ ಸಂಬಳ ಇದ್ದಲ್ಲಿ ಬರುತ್ತದೆ. ಅದರ ಚರಿತ್ರೆಯನ್ನು ಹೀಗೆ ಓದಿದರೆ ಪಟ್ಟಾಳದ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಈ ಆಟದ ಮೊದಲ ಓಟಗಾರರು ಲಂಡನ್ನಿನ ಥೇಮ್ಸ್ ನದಿಯ ಅಂಬಿಗರು, ಕಡವು ದಾಟಿಸಿ ಹೊಟ್ಟೆ ಹೊರೆಯುತ್ತಿದ್ದವರು. ಅವರ ಪೈಕಿ ಕೆಲಸ ಕಲಿತು ಆಗಷ್ಟೇ ಹೊರಬಂದ ಹುಡುಗರಿಗಾಗಿ 1715ರಲ್ಲಿ ಶುರುವಾದ ಡಾಗೆಟ್ ಓಟ ಇಂದಿಗೂ ನಡೆಯುತ್ತಿದೆ. ಗೆದ್ದವರಿಗೆ ಕೆಂಪು ಕೋಟು, ಬೆಳ್ಳಿಯ ಬಿಲ್ಲೆ. ಆಮೇಲೆ ಆಟ ವಿದ್ಯಾವಂತರ ಕೈಗೆ ಹೋಯಿತು. 1829ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ಎದುರುಬದುರಾದವು, 1839ರಲ್ಲಿ ಹೆನ್ಲಿಯ ಪಂದ್ಯಕೂಟ ಬಂತು. 1870ರ ದಶಕದ ಕೊನೆಗೆ ಹೆನ್ಲಿಯವರು ಹವ್ಯಾಸಿ ಯಾರು ಎಂದು ಬರೆದಿಟ್ಟ ನಿಯಮದಲ್ಲಿ ಕೂಲಿಗಾರ, ಕುಶಲಕರ್ಮಿ, ದೋಣಿಯಲ್ಲಿ ಕೂಲಿಗೆ ದುಡಿದವನು, ಇವರ‍್ಯಾರೂ ಹವ್ಯಾಸಿಗಳಲ್ಲ ಎಂದಾಯಿತು. ಆಟ ಹುಟ್ಟಿಸಿದ ಅಂಬಿಗನೇ ಆಟದಿಂದ ಹೊರಗೆ! ಇಟ್ಟಿಗೆ ಕೆಲಸ ಮಾಡಿ ಬೆಳೆದ ಅಮೆರಿಕದ ಜಾನ್ ಕೆಲ್ಲಿಗೆ 1920ರಲ್ಲಿ ಹೆನ್ಲಿ ಪ್ರವೇಶ ಕೊಡಲಿಲ್ಲ. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಅವರು ಸಿಂಗಲ್ ಸ್ಕಲ್ಸ್, ಅಂದರೆ ಒಬ್ಬರೇ ಎರಡು ಹುಟ್ಟು ಹಿಡಿದು ನಡೆಸುವ ದೋಣಿಯ ಓಟದಲ್ಲಿ, ಚಿನ್ನ ಗೆದ್ದರು. ಕೂಲಿಯವರನ್ನು ಹೊರಗಿಟ್ಟ ಆ ಮಾತು ನಿಯಮದಿಂದ ಹೋದದ್ದು 1930ರ ದಶಕದ ಕೊನೆಯಲ್ಲಿ. ಅಂತರರಾಷ್ಟ್ರೀಯ ಸಂಸ್ಥೆ 1892ರಲ್ಲೇ ಸ್ಥಾಪನೆಯಾಗಿತ್ತು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರೋಯಿಂಗ್ ಇತ್ತು, ಗಾಳಿಮಳೆಗೆ ರದ್ದಾಯಿತು. 1900ರ ಪ್ಯಾರಿಸ್‌ನಿಂದ ತಪ್ಪದೆ ನಡೆದಿದೆ. ಹೆಂಗಸರಿಗೆ ಬಾಗಿಲು ತೆರೆದದ್ದು 1976ರಲ್ಲಿ, ಅದೂ 1000 ಮೀಟರಿಗೆ. ಗಂಡಸರಷ್ಟೇ ದೂರ, ಅಂದರೆ 2000 ಮೀಟರ್, 1988ರ ಒಲಿಂಪಿಕ್ಸ್‌ನಲ್ಲಿ ಬಂತು.

ಭಾರತಕ್ಕೆ ಇದು ಬಂದದ್ದು ಕ್ಲಬ್ಬಿನ ಆಟವಾಗಿಯೇ. ಕಲ್ಕತ್ತಾ ರೋಯಿಂಗ್ ಕ್ಲಬ್ 1858, ಮದ್ರಾಸ್ ಬೋಟ್ ಕ್ಲಬ್ 1867, ಪುಣೆಯ ರಾಯಲ್ ಕೊನಾಟ್ ಬೋಟ್ ಕ್ಲಬ್ 1868. ಸದಸ್ಯರು ಬಿಳಿಯ ವರ್ತಕರು, ಅಧಿಕಾರಿಗಳು; ದೋಣಿ ಹೊತ್ತು ನೀರಿಗಿಳಿಸುವವರು ನಮ್ಮವರು. ಮದ್ರಾಸ್ ಮತ್ತು ಕೊಲಂಬೊ ಕ್ಲಬ್ಬುಗಳ ನಡುವಿನ ಓಟ 1898ರಲ್ಲಿ ಆರಂಭವಾಯಿತು, ಈಗಲೂ ಇದೆ. ಸ್ವಾತಂತ್ರ್ಯ ಬಂದ ಮೇಲೂ ಹಲವು ವರ್ಷ ಆಟ ಈ ನಾಲ್ಕೈದು ದೋಣಿಮನೆಗಳ ಅಂಗಳ ದಾಟಲಿಲ್ಲ. ಮದ್ರಾಸಿನಿಂದ ಕಾಸರಗೋಡಿಗೆ ರೈಲು ಬಂದು ಎಷ್ಟೋ ದಶಕವಾದರೂ ಆ ರೈಲಿನಲ್ಲಿ ಈ ಆಟ ಬರಲಿಲ್ಲ.

ತಿರುವು ಎಂದರೆ 1976 ಮತ್ತು 1982. 1976ರಲ್ಲಿ ಭಾರತೀಯ ರೋಯಿಂಗ್ ಒಕ್ಕೂಟ ಆಯಿತು. ಆರು ವರ್ಷದ ನಂತರ ದಿಲ್ಲಿ ಏಷ್ಯಾಡ್‌ನಲ್ಲಿ ರೋಯಿಂಗನ್ನು ಏಷ್ಯನ್ ಕ್ರೀಡಾಕೂಟಕ್ಕೆ ಮೊದಲ ಬಾರಿಗೆ ಸೇರಿಸಲಾಯಿತು. ದಿಲ್ಲಿಯ ಹತ್ತಿರ ತಕ್ಕ ನೀರು ಇಲ್ಲದೆ ಸ್ಪರ್ಧೆಯನ್ನು ಜೈಪುರದ ಬಳಿಯ ರಾಮಗಢ ಸರೋವರದಲ್ಲಿ ನಡೆಸಿದರು. ಆ ಸರೋವರ ಬತ್ತಿ ಈಗ ಎರಡು ದಶಕಕ್ಕೂ ಮೇಲಾಯಿತು. ಆದರೆ ಅಂದು ಮನೆಯಂಗಳದಲ್ಲಿ ಏಷ್ಯಾಡ್ ನಡೆಯುತ್ತದೆ, ತಂಡ ಇಳಿಸಬೇಕು ಎಂದಾಗ ಆಳು ಎಲ್ಲಿಂದ ತರುವುದು? ಸೇನೆಯ ಎಂಜಿನಿಯರ್ ಪಡೆಗಳಲ್ಲಿ ಇದ್ದರು. ಹೊಳೆಗೆ ತೇಲು ಸೇತುವೆ ಕಟ್ಟುವುದು, ದೋಣಿ ನಡೆಸುವುದು ಆ ಪಡೆಗಳ ಕಸುಬು. ನೀರಿನ ತರಬೇತಿ ಅವರಿಗೆ ನೌಕರಿಯ ಭಾಗ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನವರ ದೋಣಿಗಳನ್ನು ನೋಡಿದವರು ನಿಮ್ಮ ನೆಂಟರಿಷ್ಟರಲ್ಲೂ ಇರಬಹುದು. ಮುಂದೆ ಪುಣೆಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಸೇನೆಯ ರೋಯಿಂಗ್ ಕೇಂದ್ರ ಬೆಳೆಯಿತು. ಅಲ್ಲಿ 2000 ಮೀಟರಿನ ನೇರ ನೀರಿನ ಪಥ, ವಿದೇಶಿ ದೋಣಿ, ಕೋಚು, ಊಟ, ಸಂಬಳ ಎಲ್ಲ ಒಂದೇ ಕಾಂಪೌಂಡಿನಲ್ಲಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ವರ್ಷಕ್ಕೆ ಮುನ್ನೂರು ದಿನ ಬೇಡುವ ಆಟಕ್ಕೆ ಇದಕ್ಕಿಂತ ಬೇರೇನು ಬೇಕು?

ಆದ್ದರಿಂದಲೇ ನೀರಿನ ಮುಖ ಕಾಣದ ಊರಿನವರು ಪದಕ ತಂದರು. 2010ರ ಗ್ವಾಂಗ್‌ಝೌ ಏಷ್ಯಾಡ್‌ನಲ್ಲಿ ಸಿಂಗಲ್ ಸ್ಕಲ್ಸ್ ಗೆದ್ದು ರೋಯಿಂಗಿನ ಮೊದಲ ಏಷ್ಯಾಡ್ ಚಿನ್ನ ತಂದ ಬಜರಂಗ್ ಲಾಲ್ ತಾಖರ್ ರಾಜಸ್ಥಾನದ ಸೀಕರ್ ಜಿಲ್ಲೆಯವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 13ನೆಯವರಾದ ದತ್ತು ಭೋಕನಾಳ್ ನಾಸಿಕ್ ಜಿಲ್ಲೆಯ ಬರದ ಸೀಮೆಯವರು, ಬಾವಿ ತೋಡುವ ಕೆಲಸ ಮಾಡಿದವರು. ಹುಟ್ಟು ಮುಟ್ಟಿದ್ದೇ ಸೇನೆಗೆ ಸೇರಿದ ಮೇಲೆ. 2018ರಲ್ಲಿ ಅವರು, ಸ್ವರ್ಣ್ ಸಿಂಗ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್ ನಾಲ್ವರೂ ಸೇರಿ ಕ್ವಾಡ್ರಪಲ್ ಸ್ಕಲ್ಸ್ ಚಿನ್ನ ಗೆದ್ದರು. ಒಲಿಂಪಿಕ್ಸ್‌ಗೆ ನಮ್ಮ ದೋಣಿ ಮೊದಲು ಇಳಿದದ್ದು 2000ದ ಸಿಡ್ನಿಯಲ್ಲಿ, ಕಾಸಮ್ ಖಾನ್ ಮತ್ತು ಇಂದರ್‌ಪಾಲ್ ಸಿಂಗ್ ಜೋಡಿ. 2004ರಲ್ಲಿ ಅಥೆನ್ಸ್‌ಗೆ ಹೋದ ಪೌಲೋಸ್ ಕೇರಳ ಮೂಲದವರೇ. ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್ ಟೋಕಿಯೊದಲ್ಲಿ 11ನೆಯ ಸ್ಥಾನ ಪಡೆದದ್ದು ಒಲಿಂಪಿಕ್ಸ್‌ನಲ್ಲಿ ನಮ್ಮವರ ಅತಿ ಮೇಲಿನ ಸ್ಥಾನ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯಾಡ್‌ನಲ್ಲಿ ಎರಡು ಬೆಳ್ಳಿ, ಮೂರು ಕಂಚು ಬಂತು.

ಈ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಹುಡುಕಿದರೆ 2010ರಲ್ಲಿ ಕಂಚು ಗೆದ್ದ ಒಡಿಶಾದ ಪ್ರತಿಮಾ ಪುಹಾನ ಮತ್ತು ಪ್ರಮೀಳಾ ಪ್ರಭಾ ಮಿಂಜ್ ಜೋಡಿ ಎದ್ದು ಕಾಣುತ್ತದೆ. ಗಂಡುಮಕ್ಕಳಿಗೆ ಇದ್ದ ಪಟ್ಟಾಳದ ದಾರಿ ಹುಡುಗಿಯರಿಗೆ ಬಹುಕಾಲ ಇರಲಿಲ್ಲ. ಕ್ರೀಡಾ ಪ್ರಾಧಿಕಾರದ ಹಾಸ್ಟೆಲುಗಳೇ ಅವರಿಗೆ ಆಧಾರ: ಒಡಿಶಾದಲ್ಲಿ ಜಗತ್‌ಪುರ, ನಮ್ಮ ರಾಜ್ಯದಲ್ಲಿ ಆಲಪ್ಪುಳದ ಪುನ್ನಮಡ. ಮಾಸ್ಟ್ರು ಹೇಳಿದ್ದನ್ನು ಗಂಭೀರವಾಗಿ ತೆಗೆದುಕೊಳ್ಳಿ ಎನ್ನಲು ನನಗಿರುವ ದೊಡ್ಡ ಕಾರಣ ಇದು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಟೋಕಿಯೊದ ಆ 11ನೆಯ ಸ್ಥಾನ, ಹಾಂಗ್‌ಝೌನ ಒಂದು ಬೆಳ್ಳಿ, ಎರಡೂ ಲೈಟ್‌ವೆಯ್ಟ್ ವಿಭಾಗದವು. ಅದರಲ್ಲಿ ಗಂಡಸರು 72.5 ಕಿಲೋ, ಹೆಂಗಸರು 59 ಕಿಲೋ ಮೀರುವಂತಿಲ್ಲ. ಎತ್ತರ ಕಡಿಮೆ ಇರುವ ಏಷ್ಯಾದವರಿಗೆ ಅದು ಅನುಕೂಲದ ಬಾಗಿಲಾಗಿತ್ತು. 2024ರ ಪ್ಯಾರಿಸ್ ನಂತರ ಒಲಿಂಪಿಕ್ಸ್‌ನಿಂದ ಆ ವಿಭಾಗವನ್ನು ಕೈಬಿಟ್ಟಿದ್ದಾರೆ. ಆದ್ದರಿಂದ ತೂಕ ಇಳಿಸಿ, ಅನ್ನ ಬಿಡಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬೆಳೆಯುವ ಹುಡುಗಿಗೆ ಹೊಟ್ಟೆ ತುಂಬ ಊಟ, ಮೀನು, ಮೊಟ್ಟೆ, ಬೇಳೆ ಬೇಕು. ಹದಿಮೂರಕ್ಕೆ ಐದೂವರೆ ಅಡಿ ಎಂದರೆ ಒಳ್ಳೆಯ ಎತ್ತರ. ಉದ್ದ ಕೈಕಾಲು ಈ ಆಟದ ಬಂಡವಾಳ.

ಇನ್ನು ಕಲಿಕೆ. ಸೋದರಮಾವನ ದೋಣಿಯಲ್ಲಿ ಬಂದ ನೀರಿನ ಧೈರ್ಯ ಉಳಿಯಲಿ, ಅಲ್ಲಿ ಕೂತ ಕೈಚಳಕ ಮರೆಯಬೇಕಾಗುತ್ತದೆ. ಹುಟ್ಟು ಹಾಕಿ ಬಂದವರು ಮೊದಲು ಮಾಡುವ ತಪ್ಪು ತೋಳಿನಿಂದ ಎಳೆಯುವುದು. ರೋಯಿಂಗಿನಲ್ಲಿ ಬಲದ ಅರ್ಧಕ್ಕಿಂತ ಹೆಚ್ಚು ಕಾಲಿನದು. ಪಾದ ಕಟ್ಟಿದ ಹಲಗೆಯನ್ನು ಕಾಲಿನಿಂದ ತುಳಿದು ನೂಕಬೇಕು; ಮೊಣಕಾಲು ಬಹುಪಾಲು ನೇರವಾದ ಮೇಲೆ ಸೊಂಟದಿಂದ ಬೆನ್ನು ಹಿಂದಕ್ಕೆ; ಕೊನೆಗೆ ತೋಳು ಮಡಚಿ ಹುಟ್ಟಿನ ಹಿಡಿಕೆ ಪಕ್ಕೆಲುಬಿನ ಕೆಳಗೆ ಬರಬೇಕು. ಮರಳುವಾಗ ಇದೇ ಕ್ರಮ ತಲೆಕೆಳಗಾಗಿ: ಮೊದಲು ಕೈ ಚಾಚು, ಆಮೇಲೆ ಮೈ ಬಾಗು, ಕೊನೆಗೆ ಮೊಣಕಾಲು ಮಡಚು. ಮೊಣಕಾಲು ಮೊದಲೇ ಎದ್ದರೆ ಹಿಡಿ ಅದಕ್ಕೆ ಬಡಿಯುತ್ತದೆ, ಕೈ ಮೇಲೆತ್ತಿ ದಾಟಿಸಬೇಕಾಗುತ್ತದೆ, ಅಷ್ಟರಲ್ಲಿ ಹುಟ್ಟಿನ ತುದಿಯ ಅಗಲ ಅಲಗು ನೀರು ತಾಗಿ ದೋಣಿ ವಾಲುತ್ತದೆ. ನೂಕುವುದು ಚುರುಕು, ಮರಳುವುದು ನಿಧಾನ. ನಿಮಿಷಕ್ಕೆ 18ರಿಂದ 20 ಹುಟ್ಟಿನ ಅಭ್ಯಾಸದಲ್ಲಿ ಮರಳುವ ಹೊತ್ತು ನೂಕುವ ಹೊತ್ತಿನ ಇಮ್ಮಡಿ ಇರಬೇಕು. ಅವಸರದಿಂದ ಜಾರಿ ಬಂದರೆ ಮೈಯ ತೂಕ ದೋಣಿಯ ಹಿಂಬದಿಗೆ ಗುದ್ದಿ ಓಡುತ್ತಿದ್ದ ದೋಣಿಗೆ ತಡೆ ಹಾಕಿದ ಹಾಗಾಗುತ್ತದೆ. ವಳ್ಳಂಕಳಿಯಿಂದ ಬಂದ ಮಕ್ಕಳಿಗೆ ಇದು ಅರಗುವುದು ಕಷ್ಟ, ಅಲ್ಲಿ ಅವಸರವೇ ಗುಣ.

ಎರಡನೆಯ ತೊಡಕು ಅಲಗು ನೀರಿನಲ್ಲಿ ಸಿಕ್ಕಿಬೀಳುವುದು. ಹುಟ್ಟು ಮುಗಿಯುವಾಗ ಹಿಡಿಯನ್ನು ಮೊದಲು ಕೆಳಗೆ ಒತ್ತಿ, ನಿಂತ ಅಲಗನ್ನು ಹಾಗೆಯೇ ನೀರಿನಿಂದ ಎತ್ತಿ, ಆಮೇಲೆ ಬೆರಳಿನಿಂದ ತಿರುಗಿಸಿ ಮಲಗಿಸಬೇಕು. ನೀರಿನೊಳಗೇ ತಿರುಗಿಸಿದರೆ ಓಡುವ ದೋಣಿಯ ವೇಗ ಅಲಗನ್ನು ಆಳಕ್ಕೆ ಎಳೆಯುತ್ತದೆ, ಹಿಡಿ ಎದೆಗೆ ಬಂದು ಗುದ್ದುತ್ತದೆ. ಎಂಟು ಜನರ ದೋಣಿಯಲ್ಲಾದರೆ ಆಳನ್ನೇ ಎತ್ತಿ ಹೊರಗೆ ಎಸೆದದ್ದೂ ಉಂಟು. ಇಂಗ್ಲಿಷಿನವರು ಇದಕ್ಕೆ ಏಡಿ ಹಿಡಿಯುವುದು ಎಂದು ಹೆಸರಿಟ್ಟಿದ್ದಾರೆ. ನಮ್ಮ ಹೊಳೆಬದಿಯಲ್ಲಿ ಹಾಗೆಂದರೆ ಸಾರಿಗೆ ಮಸಾಲೆ ಅರೆಯಲು ಹೊರಡುತ್ತಾರೆ.

ಒಬ್ಬರ ಸ್ಪರ್ಧಾ ದೋಣಿ ಸುಮಾರು 8 ಮೀಟರ್ ಉದ್ದ, ನೀರಿನ ಮಟ್ಟದಲ್ಲಿ ಒಂದಡಿಯಷ್ಟೂ ಅಗಲ ಇಲ್ಲ. ನಿಯಮದ ಕನಿಷ್ಠ ತೂಕ 14 ಕಿಲೋ. ಎಂಟು ಜನರದ್ದು 96 ಕಿಲೋ. ಇಷ್ಟು ಸಪೂರದ ದೋಣಿ ತಾನಾಗಿ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವುದು ನೀರಿನ ಮೇಲೆ ಮಲಗಿದ ಎರಡು ಅಲಗುಗಳು, ಹಗ್ಗದ ಮೇಲೆ ನಡೆಯುವವರ ಕೈಯ ಕೋಲಿನ ಹಾಗೆ. ಎರಡೂ ಹಿಡಿ ಕೈಯಲ್ಲಿರುವ ತನಕ ಮಗುಚುವುದು ಕಡಿಮೆ, ಒಂದನ್ನು ಬಿಟ್ಟ ಕ್ಷಣ ಮಗುಚುತ್ತದೆ. ಮೊದಲ ದಿನ ಕಲಿಸಬೇಕಾದ ಪಾಠ ಇದೇ. ಎರಡನೆಯದು ಮಗುಚಿದರೆ ದೋಣಿ ಬಿಟ್ಟು ಈಜಬಾರದು ಎಂಬುದು. ದೋಣಿ ತೇಲುತ್ತದೆ, ಅದನ್ನು ಹಿಡಿದು ನಿಲ್ಲಬೇಕು. ಬೂಟುಗಳು ದೋಣಿಗೇ ಕಟ್ಟಿರುವುದರಿಂದ ಹಿಮ್ಮಡಿಗೆ ಕಟ್ಟಿದ ದಾರ 7 ಸೆಂಟಿಮೀಟರಿಗಿಂತ ಹೆಚ್ಚು ಸಡಿಲ ಇರಬಾರದು. ಇದ್ದರೆ ಮಗುಚಿದಾಗ ಕಾಲು ಬಿಡಿಸಿಕೊಳ್ಳಲಾಗುವುದಿಲ್ಲ. ಮೂತಿಗೆ 4 ಸೆಂಟಿಮೀಟರ್ ದಪ್ಪದ ಬಿಳಿ ರಬ್ಬರ್ ಚೆಂಡು ಇರಲೇಬೇಕು, ಬೆನ್ನು ಹಾಕಿ ಹೋಗುವ ದೋಣಿಯ ಮೂತಿ ಇನ್ನೊಬ್ಬರ ಬೆನ್ನಿಗೆ ಚುಚ್ಚದಿರಲು. ದೋಣಿಮನೆಗೆ ಹೋದಾಗ ಈ ಎರಡನ್ನು ನೀವೇ ಕೈಯಿಟ್ಟು ನೋಡಿ. ಹಳೆಯ ದೋಣಿಗಳಲ್ಲಿ ಮೊದಲು ಕಿತ್ತುಹೋಗುವುದು ಇವೇ.

ಎರಡು ಹುಟ್ಟಿನ ದೋಣಿಯಲ್ಲಿ ಹಿಡಿಗಳು ನಡುವೆ ಒಂದರ ಮೇಲೊಂದು 18ರಿಂದ 20 ಸೆಂಟಿಮೀಟರ್ ಹಾದುಹೋಗುತ್ತವೆ. ಎಡಗೈ ಮೇಲೆ, ಬಲಗೈ ಕೆಳಗೆ ಎಂಬುದು ನಮ್ಮಲ್ಲಿರುವ ರೂಢಿ; ಅದಕ್ಕಾಗಿ ಎಡಗೈ ಹುಟ್ಟಿನ ಕೊಕ್ಕೆಯನ್ನು ಒಂದರಿಂದ ಒಂದೂವರೆ ಸೆಂಟಿಮೀಟರ್ ಎತ್ತರಿಸಿರುತ್ತಾರೆ. ಮಗಳ ಬೆರಳಗಂಟು ಉಜ್ಜಿ ರಕ್ತ ಬರುತ್ತಿದ್ದರೆ ತಪ್ಪು ಅವಳದ್ದಲ್ಲದೆ ಈ ಎತ್ತರದ್ದೂ ಇರಬಹುದು, ಕೋಚಿಗೆ ಹೇಳಲಿ. ದೊಡ್ಡವರಿಗೆ ಕಟ್ಟಿದ ಉದ್ದದ ಹುಟ್ಟನ್ನೇ ಮಕ್ಕಳಿಗೂ ಕೊಡುವುದು ಇನ್ನೊಂದು ತಪ್ಪು. ಭಾರ ಜಾಸ್ತಿಯಾಗಿ ಸೊಂಟ ಹಿಡಿಯುತ್ತದೆ. ಅಂಗೈ ಗುಳ್ಳೆಗೆ ಹೆದರಬೇಡಿ, ತೊಳೆದು ಒಣಗಿಸಿ ಪಟ್ಟಿ ಸುತ್ತಿದರೆ ಸಾಕು. ಹಿಡಿಯನ್ನು ಬಿಗಿಯಾಗಿ ಹಿಂಡುವುದು ಬಿಟ್ಟರೆ ಗುಳ್ಳೆಯೂ ಬಿಡುತ್ತದೆ.

ಚಂದ್ರಗಿರಿಯಲ್ಲಿ ಅಭ್ಯಾಸ ಆದೀತೇ? ಸ್ಪರ್ಧಾ ಪಥ ಮಾಡಲು ಆಗದು. ಅಂತರರಾಷ್ಟ್ರೀಯ ನಿಯಮದ ಪಥಕ್ಕೆ 13.5 ಮೀಟರ್ ಅಗಲದ ಆರು ಸಾಲು, 2000 ಮೀಟರ್ ನೇರ, ಕನಿಷ್ಠ 3 ಮೀಟರ್ ಆಳ, ಹರಿವಿಲ್ಲದ ನೀರು ಬೇಕು. ಆಳ ಯಾಕೆ ಎಂದರೆ, ನೀರು ತೆಳುವಾದಲ್ಲಿ ದೋಣಿ ಎಬ್ಬಿಸಿದ ಅಲೆಗೆ ತಳ ಅಡ್ಡಬರುತ್ತದೆ, ದೋಣಿ ನೀರಿಗೆ ಅಂಟಿಕೊಂಡ ಹಾಗೆ ಭಾರವಾಗುತ್ತದೆ; ಒಂದು ಸಾಲು ಆಳ, ಪಕ್ಕದ್ದು ತೆಳು ಎಂದರೆ ಪಂದ್ಯವೇ ಅನ್ಯಾಯ. ನಮ್ಮ ಹೊಳೆಗಳಿಗೆ ತಿರುವು, ಹೊಯಿಗೆ ದಿಬ್ಬ, ಭರತ ಇಳಿತ ಮೂರೂ ಇವೆ. ಅಭ್ಯಾಸದ ಮಾತು ಬೇರೆ. ತಳಂಗರೆಯ ಅಳಿವೆಯಿಂದ ಮೇಲಕ್ಕೆ, ಸಮುದ್ರದ ಅಲೆ ತಟ್ಟದ ಕಡೆ, ಭರತ ತುಂಬಿ ನಿಂತ ಹೊತ್ತಿನ ಹಿಂದೆಮುಂದೆ ಮುಕ್ಕಾಲು ಗಂಟೆ ನೀರು ನಿಂತಿರುತ್ತದೆ. ಬೆಳಿಗ್ಗೆ ಆರರಿಂದ ಎಂಟೂವರೆಯೊಳಗೆ ಆ ಹೊತ್ತು ಸಿಕ್ಕಿದರೆ ಒಳ್ಳೆಯದು. ಹೊತ್ತೇರಿದ ಮೇಲೆ ಕಡಲಗಾಳಿ ಎದ್ದು ಸಪೂರದ ದೋಣಿಗೆ ನೀರು ನುಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತೇ ಬೇಡ: ಚಂದ್ರಗಿರಿಗೆ ಬಂದು ಸೇರುವ ಪಯಸ್ವಿನಿಯ ಕೆಂಪು ನೆರೆಯಲ್ಲಿ ಮರದ ದಿಮ್ಮಿಗಳು ತೇಲಿ ಬರುತ್ತವೆ, ಹಿಂದು ನೋಡದೆ ಹೋಗುವ ದೋಣಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಯಾವ ಕಾಲದಲ್ಲೂ ಜೊತೆಗೊಂದು ಮೋಟಾರು ದೋಣಿ, ಅದರಲ್ಲಿ ಲೈಫ್ ಜಾಕೆಟ್, ಹಗ್ಗ ಇಲ್ಲದೆ ಮಕ್ಕಳನ್ನು ಇಳಿಸಬಾರದು.

ಹಾಗಾಗಿ ಆಯ್ಕೆಯ ದಿನದವರೆಗೆ ದೋಣಿ ಹುಡುಕುತ್ತ ಅಲೆಯುವುದು ಬೇಡ. ಆ ವಯಸ್ಸಿನವರಲ್ಲಿ ನೋಡುವುದು ಎತ್ತರ, ಕೈಚಾಚು, ಓಟ, ನೆಗೆತ, ನೀರಿನ ಧೈರ್ಯ. ಉಟ್ಟ ಬಟ್ಟೆಯಲ್ಲೇ 100 ಮೀಟರ್ ಈಜುವುದು, ವಾರಕ್ಕೆ ಮೂರು ದಿನ ಅರ್ಧ ಗಂಟೆ ನಿಧಾನ ಓಟ, ಹಗ್ಗದಾಟ, ಕುಳಿತೇಳುವುದು, ಬೆನ್ನು ನೇರವಿಟ್ಟು ಸೊಂಟದಿಂದ ಬಾಗುವುದು ರೂಢಿಯಾಗಲಿ. ಹತ್ತಿರದ ಜಿಮ್ಮಿನಲ್ಲಿ ರೋಯಿಂಗ್ ಯಂತ್ರ ಇದ್ದರೆ ಪಕ್ಕದ ಗಾಳಿಯ ಸನ್ನೆಯನ್ನು ಹತ್ತಕ್ಕೆ ಏರಿಸಲು ಬಿಡಬೇಡಿ. ಹತ್ತು ಎಂದರೆ ಹೆಚ್ಚು ವ್ಯಾಯಾಮ ಎಂದುಕೊಂಡು ಸೊಂಟ ಕೆಡಿಸಿಕೊಂಡವರು ಬಹಳ. ಮಕ್ಕಳಿಗೆ ಮೂರು ನಾಲ್ಕು ಸಾಕು. ನಿಮಿಷಕ್ಕೆ 18ರಿಂದ 20 ಹುಟ್ಟು, ಹತ್ತು ನಿಮಿಷದಂತೆ ಎರಡು ಸಲ. ಪೂರ್ತಿ ಬಲದ 2000 ಮೀಟರ್ ಪರೀಕ್ಷೆ ಮೊದಲ ಆರು ತಿಂಗಳು ಬೇಡವೇ ಬೇಡ.

ಆಲಪ್ಪುಳ ದೂರ, ರೈಲಿನಲ್ಲಿ ಇಡೀ ಹಗಲಿನ ದಾರಿ. ಹದಿಮೂರರ ಮಗಳನ್ನು ಹಾಸ್ಟೆಲಿಗೆ ಬಿಡುವುದು ಸುಲಭದ ಮಾತಲ್ಲ. ಹೋದಾಗ ದೋಣಿಗಳಿಗಿಂತ ಮೊದಲು ಹಾಸ್ಟೆಲಿನ ಊಟ, ಶಾಲೆಯ ಮಾಧ್ಯಮ, ಹುಡುಗಿಯರಿಗೆ ಮಹಿಳಾ ಕೋಚ್ ಅಥವಾ ವಾರ್ಡನ್ ಇದ್ದಾರೆಯೇ ಎಂದು ವಿಚಾರಿಸಿ. ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದರೆ ಅಲ್ಲಿ ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಗಬೇಕಾದೀತು. ಅನೇಕ ಮಕ್ಕಳು ಮರಳಿ ಬರುವುದು ದೋಣಿಗೆ ಹೆದರಿ ಅಲ್ಲ, ತರಗತಿಗೆ ಹೆದರಿ.

ಕಳುಹಿಸಲು ಮನಸ್ಸಾಗದಿದ್ದರೆ ಇನ್ನೊಂದು ಬಾಗಿಲು ಈಗಷ್ಟೇ ತೆರೆದಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಲೈಟ್‌ವೆಯ್ಟ್ ಬಿಟ್ಟ ಜಾಗಕ್ಕೆ ಬೀಚ್ ಸ್ಪ್ರಿಂಟ್ ಬರುತ್ತಿದೆ. ಹೊಯಿಗೆಯ ಮೇಲೆ ಓಡಿ ದೋಣಿ ಹತ್ತಿ, ಬೋಯೆಗಳನ್ನು (ನೀರಿನಲ್ಲಿ ತೇಲುವ ಗುರುತುಗಳನ್ನು) ಸುತ್ತಿ ಬಳಸುತ್ತ 250 ಮೀಟರ್ ಕಡಲಿಗೆ ಹೋಗಿ, ತಿರುಗಿ ಬಂದು, ಮತ್ತೆ ಹೊಯಿಗೆಯ ಮೇಲೆ ಓಡಿ ಗುರಿ ಮುಟ್ಟಬೇಕು. ಒಬ್ಬರ ಕಡಲ ದೋಣಿ 6 ಮೀಟರ್ ಉದ್ದ, ಕನಿಷ್ಠ 35 ಕಿಲೋ, ಅಗಲ ಜಾಸ್ತಿ, ಅಲೆಗೆ ಮಗುಚುವುದು ಕಡಿಮೆ. ಇದಕ್ಕೆ 2000 ಮೀಟರಿನ ನಿಂತ ನೀರು ಬೇಡ, ಅಲೆ ಓದಲು ಬರಬೇಕು. ಬೇಕಲದ ಹೊಯಿಗೆ, ಅಕ್ಟೋಬರದಿಂದ ಮಾರ್ಚಿಯವರೆಗಿನ ಸಣ್ಣ ಅಲೆ ಅದಕ್ಕೆ ಹೇಳಿ ಮಾಡಿಸಿದ್ದು. ಸೋದರಮಾವನಿಗೆ ಗೊತ್ತಿರುವ ವಿದ್ಯೆ ಅಲ್ಲಿ ಮರೆಯಬೇಕಾದ್ದಲ್ಲ. ಅಲೆಯ ಬೆನ್ನಿಗೆ ದೋಣಿ ಕೊಡುವುದು ಹೇಗೆ ಎಂದು ಅವರನ್ನೇ ಕೇಳಲಿ.